ನಡುಮನೆಯಿಂದ ಹಿಂದಿನ ಕೋಣೆಗೆ ಎಳೆದ ಕೇಬಲ್

ನಮ್ಮ ಮನೆಯ ಹಿಂದಿನ ಕೋಣೆಯಿಂದ ‘ಟಿಕ್’ ಎಂದು ಒಂದು ಸದ್ದು ಬರುತ್ತಿತ್ತು. ಪವರ್ ಸಪ್ಲೈ ಎಂಬ ಪೆಟ್ಟಿಗೆ ಕರೆಂಟು ಬಿಡುವಾಗ ಅದರೊಳಗೆ ಏನೋ ಕೂರುತ್ತದಲ್ಲ, ಅದರ ಸದ್ದು. ನಡುಮನೆಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತ ನಮ್ಮ ಯಜಮಾನರು ಲ್ಯಾಪ್‌ಟಾಪಿನಲ್ಲಿ ಒಂದು ಬಟನ್ ಒತ್ತಿದರೆ, ಅಡುಗೆಮನೆಯನ್ನೂ ದಾಟಿ, ಗೋಡೆಯ ಆಚೆ ಅದು ಟಿಕ್ ಎನ್ನುತ್ತಿತ್ತು. ಒಲೆಯ ಮುಂದೆ ನಿಂತವಳಿಗೆ ಅದು ಕೇಳಿತೆಂದರೆ ಅವರ ಬೆರಳು ಇವತ್ತೂ ಆಡುತ್ತಿದೆ ಎಂದು ಅರ್ಥ. ನಂಜುಂಡನಿಗೆ ನಿಂತಲ್ಲೇ ಕೈಮುಗಿದು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ.

ಅವರು ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದರು. ತಯಾರಾದ ಎಲೆಕ್ಟ್ರಾನಿಕ್ ಬೋರ್ಡುಗಳನ್ನು ಮೀಟರು, ಕರೆಂಟಿನ ಅಲೆ ತೋರಿಸುವ ಸ್ಕೋಪು ಹಚ್ಚಿ ಪರೀಕ್ಷೆ ಮಾಡಿ, ಇದು ಸರಿ, ಇದು ತಪ್ಪು ಎಂದು ಬೇರೆ ಮಾಡುವ ಕೆಲಸ. ಪ್ರೋಬ್ ಎಂದರೆ ಸೂಜಿಯಂಥ ಮೊನೆಯಿರುವ ಒಂದು ಕಡ್ಡಿ. ಅಕ್ಕಿ ಕಾಳಿಗಿಂತ ಸಣ್ಣ ಜಾಗದ ಮೇಲೆ ಅದನ್ನು ಅಲುಗದಂತೆ ಹಿಡಿಯಬೇಕು. ಒಂದು ದಿನ ಅದು ಜಾರಿತಂತೆ. ಮಾರನೆಯ ವಾರ ಮತ್ತೆ ಜಾರಿತಂತೆ. ಮನೆಯಲ್ಲಿ ಕಾಫಿ ಲೋಟ ಬಿದ್ದಾಗ ನಾನು, ‘ಗ್ಯಾನ ಎಲ್ಲಿದೆ?’ ಎಂದು ಗದರಿದ್ದೆ. ಮೈಸೂರಿನ ಡಾಕ್ಟರು ಅಲ್ಲಿ ಒತ್ತಿ, ಇಲ್ಲಿ ಚುಚ್ಚಿ ನೋಡಿ, ನರಗಳು ಒಣಗುತ್ತಾ ಹೋಗುವ ಕಾಯಿಲೆ ಎಂದರು. ಈಗ ಕೈ, ಆಮೇಲೆ ಕಾಲು, ಕೊನೆಗೆ ಗಂಟಲು. ‘ಔಷಧಿ ಏನು ಸಾರ್?’ ಎಂದು ನಾನು ಕೇಳಿದೆ. ಅವರು ನನ್ನ ಮುಖ ನೋಡದೆ ಮೇಜಿನ ಮೇಲಿನ ಪೆನ್ನನ್ನು ನೇರ ಮಾಡಿಟ್ಟರು. ನೋವಿರುವುದಿಲ್ಲ ಎಂದರು. ಅದೊಂದು ಉಪಕಾರ ಎಂದುಕೊಂಡು ಬಸ್ಸು ಹತ್ತಿದೆವು.

ಕಾರ್ಖಾನೆ ಬಿಟ್ಟ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಹಿಂದೆ ಅವರ ಕೈಕೆಳಗೆ ಕೆಲಸ ಕಲಿತಿದ್ದವರೊಬ್ಬರು ಮೈಸೂರಿನಲ್ಲಿ ಸೋಲಾರ್ ಪಂಪಿನ ಬೋರ್ಡು ಮಾಡುತ್ತಿದ್ದರು. ‘ಸಾ, ನಿಮ್ ಕಣ್ಣು ತಪ್ಪಿಸಿ ಯಾವ ಬೋರ್ಡೂ ಆಚೆಗೋಗಬಾರದು’ ಎಂದು ಅವರೇ ಬೋರ್ಡುಗಳನ್ನು ಮನೆಗೆ ತಂದುಕೊಟ್ಟರು. ಹಿಂದಿನ ಕೋಣೆಯಲ್ಲಿ ಮೇಜು ಹಾಕಿ, ಎಲ್ಲಿಂದಲೋ ತರಿಸಿದ ಹಳೆಯ ಯಂತ್ರಗಳನ್ನು ಜೋಡಿಸಿದರು. ಒಂದು ಸ್ಕೋಪು, ಒಂದು ಮೀಟರು, ಎರಡು ಪವರ್ ಸಪ್ಲೈ. ಸಣ್ಣ ಸಪ್ಲೈ ಮುಟ್ಟಿದರೂ ಏನೂ ಮಾಡದು. ದೊಡ್ಡದು ಮಾತ್ರ ಪಂಪು ಓಡಿಸುವಷ್ಟು ಕರೆಂಟು ಬಿಡುವಂಥದ್ದು. ಬೋರ್ಡಿನ ಮೇಲೆ ಮುಚ್ಚಳ ಹಾಕಿದ ಮೇಲೆ ಮಾತ್ರ ಅದನ್ನು ಆನ್ ಮಾಡಬೇಕು.

ಕಾಲು ಸೋತು ಆ ಕೋಣೆಯ ಹೊಸ್ತಿಲು ದಾಟುವುದೂ ಆಗದಾಯಿತು. ಆಗ ಅವರು ನಡುಮನೆಯಿಂದ ಹಿಂದಿನ ಕೋಣೆಗೆ ಒಂದು ನೆಟ್‌ವರ್ಕ್ ಕೇಬಲ್ ಎಳೆಸಿದರು. ಅಲ್ಲಿ ಹಸಿರು ದೀಪ ಮಿಣುಕುವ ಒಂದು ಡಬ್ಬಿ, ಆ ಡಬ್ಬಿಯಿಂದ ಒಂದೊಂದು ಯಂತ್ರಕ್ಕೂ ಒಂದೊಂದು ಕೇಬಲ್. ಮಂಚದ ಮೇಲಿಂದಲೇ ಎಲ್ಲವನ್ನೂ ನಡೆಸಬಹುದಂತೆ. ನನಗೆ ಅರ್ಥವಾಗಲಿ ಎಂದು ಅವರೇ ಬಿಡಿಸಿ ಹೇಳಿದರು.

‘ಮಠದ ದಾಸೋಹದಲ್ಲಿ ಬಂದೋರ್ನ ಬಂದಂಗೆ ಸಾಲಿಗೆ ಕೂರಿಸ್ತಾರಲ್ಲ, ಹಂಗೆ ಕಣೇ. ಈ ಡಬ್ಬಿ ಬಂದೋರ್ಗೆ ಬಂದಂಗೆ ಒಂದೊಂದು ನಂಬರ್ ಕೊಡ್ತದೆ. ನಾನು ಆ ನಂಬರ್ ಹಿಡಿದು ಮಾಡು ಅಂದ್ರೆ ಅದು ಮಾಡ್ತದೆ.’

‘ನಾಳೆ ಇನ್ಯಾರೋ ಮುಂಚೆ ಬಂದು ಮೊದಲನೇ ಎಲೆಗೆ ಕೂತ್ಬುಟ್ರೆ?’ ಎಂದೆ ತಮಾಷೆಗೆ.

‘ನಮ್ಮನೇಲಿ ದಿನಾ ಅದೇ ಜನ, ಅದೇ ಸಾಲು. ಖಾಯಂ ನಂಬರ್ ಆಮೇಲೆ ಕೊಟ್ರಾಯ್ತು ಬುಡು’ ಎಂದು ಅವರೂ ನಕ್ಕರು.

ಖಾಯಂ ನಂಬರ್ ಕೊಡಬೇಕಾದರೆ ಯಂತ್ರದ ಮುಖದ ಮೇಲಿನ ಚಿಕ್ಕ ಗುಂಡಿಗಳನ್ನು ಒತ್ತಬೇಕು. ಅವರ ಬೆರಳು ಅಷ್ಟು ದೂರ ಹೋಗುವಂತಿರಲಿಲ್ಲ. ನನ್ನ ಕೈಯಲ್ಲಿ ಮಾಡಿಸಲು ಅವರಿಗೆ ಮನಸ್ಸಿರಲಿಲ್ಲ ಎಂದು ಕಾಣುತ್ತದೆ. ಆಮೇಲೆ, ಆಮೇಲೆ ಎಂದು ಅದು ಹಾಗೇ ಉಳಿಯಿತು.

ಇನ್ನೊಂದನ್ನೂ ತೋರಿಸಿದ್ದರು. ಯಾವ ಕಂಪನಿಯ ಯಂತ್ರವಾದರೂ ಅದಕ್ಕೆ ತಿಳಿಯುವ ಒಂದು ಪ್ರಶ್ನೆ ಇದೆಯಂತೆ, ‘ನೀನು ಯಾರು?’ ಎಂದು. ಅದನ್ನು ಟೈಪು ಮಾಡಿ ಕಳಿಸಿದರೆ ಹಿಂದಿನ ಕೋಣೆಯ ಯಂತ್ರ ತನ್ನನ್ನು ಮಾಡಿದವರು ಯಾರು, ತನ್ನ ಜಾತಿ ಯಾವುದು, ಕಾರ್ಖಾನೆಯಲ್ಲಿ ಕೊಟ್ಟ ನಂಬರ್ ಎಷ್ಟು, ಎಲ್ಲವನ್ನೂ ನಡುಮನೆಯ ಪರದೆಯ ಮೇಲೆ ಹೇಳಿಬಿಡುತ್ತಿತ್ತು.

‘ಹೆಣ್ಣು ನೋಡಕ್ಕೆ ಬಂದ ಗಂಡಿನ ಕಡೆಯೋರ್ಗೆ ಹೇಳ್ದಂಗೆ ಹೇಳ್ತದಲ್ರೀ!’ ಎಂದಿದ್ದೆ. ಮೊದಮೊದಲು ಅವರು ಪ್ರತಿ ಬೆಳಿಗ್ಗೆ ಹಾಗೆ ಕೇಳಿಯೇ ಕೆಲಸ ಶುರು ಮಾಡುತ್ತಿದ್ದರು. ಬೆರಳು ಸೋಲುತ್ತಾ ಬಂದಂತೆ, ದಿನಾ ನೋಡುವವರನ್ನು ಯಾರು ಎಂದು ಏಕೆ ಕೇಳಬೇಕು ಎಂದು ಅದನ್ನು ಬಿಟ್ಟರು.

ಬೋರ್ಡಿಗೆ ಕ್ಲಿಪ್ಪು ಹಾಕುವುದು, ಪ್ರೋಬ್ ಹಿಡಿಯುವುದು ನನ್ನ ಪಾಲಿಗೆ ಬಂತು. ಅದಕ್ಕೆ ಅವರದು ಎರಡು ಕಟ್ಟಳೆ. ಮರದ ಮಣೆಯ ಮೇಲೆ ನಿಲ್ಲಬೇಕು. ಎಡಗೈ ಬೆನ್ನ ಹಿಂದೆ ಇರಬೇಕು, ಬಲಗೈಯೊಂದರಲ್ಲೇ ಕೆಲಸ. ಎರಡೂ ಕೈಯಲ್ಲಿ ಮುಟ್ಟಿದರೆ ಕರೆಂಟು ಎದೆಯೊಳಗೆ ಹಾದು ಹೋಗುತ್ತದಂತೆ. ‘ಎಡಗೈ ಎಲ್ಲೈತೆ?’ ಎಂದು ನಡುಮನೆಯಿಂದ ಕೂಗುವರು. ‘ಸೊಂಟದ ಮೇಲೆ ಕುಂತೈತೆ, ರಾಣಿ ಥರ’ ಎಂದು ನಾನು ಕೂಗುವೆ.

ಆ ಎಡಗೈಗೆ ಬೆಳಿಗ್ಗೆ ಬೇರೊಂದು ಕೆಲಸವಿತ್ತು. ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡುತ್ತೇವೆ. ಸ್ನಾನ ಮಾಡಿಸಿ ವಿಭೂತಿ ಹಚ್ಚಿದ ಮೇಲೆ ಅವರು ಕೈ ಚಾಚುವರು. ಕೈ ನಡುಗಿ ಲಿಂಗ ಜಾರುವ ಹಾಗಾದಾಗ ನಾನು ನನ್ನ ಎಡ ಅಂಗೈಯನ್ನು ಅವರ ಕೈಯ ಕೆಳಗೆ ಕೊಟ್ಟೆ. ಕೂಡದು ಎನ್ನುವರೇನೋ ಎಂದು ಹೆದರಿದ್ದೆ. ಅವರು ಪತ್ರೆ ಏರಿಸು ಎಂದು ತಲೆಯಾಡಿಸಿದರು. ಅಂದಿನಿಂದ ಅದೇ ರೂಢಿಯಾಯಿತು.

ಕಳೆದ ನವರಾತ್ರಿಯಲ್ಲಿ ಆಯುಧಪೂಜೆಗೆ ಹಿಂದಿನ ಕೋಣೆಯನ್ನು ತೊಳೆದೆ. ಎಲ್ಲ ಯಂತ್ರಗಳ ಪ್ಲಗ್ಗು ಕಿತ್ತು, ಧೂಳು ಒರೆಸಿ, ವಿಭೂತಿ ಪಟ್ಟೆ ಎಳೆದು, ಸೇವಂತಿಗೆ ಇಟ್ಟೆ. ಪೂಜೆಗೆ ಕೂತ ಆಯುಧವನ್ನು ಆ ದಿನ ಮುಟ್ಟುವುದಿಲ್ಲ. ಮಾರನೆಯ ಬೆಳಿಗ್ಗೆ ಮಂಗಳಾರತಿ ಮಾಡಿ ಎಬ್ಬಿಸಬೇಕು. ಪೂಜೆಯಲ್ಲಿ ಮೊದಲ ಹೂವು ದೊಡ್ಡವರಿಗೆ ತಾನೆ? ಹಾಗೆಯೇ ಎಬ್ಬಿಸುವಾಗಲೂ ಮೊದಲು ದೊಡ್ಡ ಸಪ್ಲೈಗೆ ಅಕ್ಷತೆ ಹಾಕಿ ಸ್ವಿಚ್ಚು ಒತ್ತಿದೆ. ಆಮೇಲೆ ಸ್ಕೋಪು, ಮೀಟರು, ಕೊನೆಗೆ ಸಣ್ಣ ಸಪ್ಲೈ. ನಡುಮನೆಯಿಂದ ಅವರೂ ಕೇಳಿಸಿಕೊಳ್ಳುತ್ತಿದ್ದರು. ದಿನವೂ ಮೊದಲು ಎಬ್ಬಿಸುತ್ತಿದ್ದದ್ದು ಸಣ್ಣದನ್ನು. ಮೊದಲನೆಯ ಎಲೆಗೆ, ಸಣ್ಣದರ ನಂಬರಿಗೆ, ಅವತ್ತು ದೊಡ್ಡದು ಬಂದು ಕೂತಿತ್ತು. ಅದು ಅವರಿಗೂ ಹೊಳೆಯಲಿಲ್ಲ, ನನಗಂತೂ ಗೊತ್ತೇ ಇರಲಿಲ್ಲ.

ಒಂದು ಬೋರ್ಡು ಮೇಜಿನ ಮೇಲಿತ್ತು. ಸಣ್ಣದರ ಪರೀಕ್ಷೆ ನಡೆಯುವಾಗಲೇ ದೊಡ್ಡದರ ಕ್ಲಿಪ್ಪುಗಳನ್ನೂ ಹಾಕಿಡುವುದು ನಮ್ಮ ವಾಡಿಕೆ, ಹೇಗೂ ಮಂಚದಿಂದ ಬಟನ್ ಒತ್ತುವವರೆಗೆ ಅದು ಕರೆಂಟು ಬಿಡುವುದಿಲ್ಲ ಎಂದು. ಕಪ್ಪು ಕ್ಲಿಪ್ಪು ಹಾಕಿದ್ದೆ. ಕೆಂಪು ಕ್ಲಿಪ್ಪು ಬೆರಳಲ್ಲಿತ್ತು. ಅಂಗೈಯ ಅಂಚು ಕಪ್ಪು ಕ್ಲಿಪ್ಪು ಕಚ್ಚಿದ್ದ ಬೋರ್ಡಿನ ತಗಡಿಗೆ ತಾಗಿತ್ತು.

‘ಸಣ್ಣದು ಆನ್ ಮಾಡ್ತೀನಿ’ ಎಂದರು.

‘ಹೂಂ ಮಾಡಿ’ ಎಂದೆ.

ಟಿಕ್.

ಯಾರೋ ಅಂಗೈಯೊಳಗೆ ಕೈ ಹಾಕಿ ನರ ಹಿಡಿದು ಎಳೆದ ಹಾಗಾಯಿತು. ಕ್ಲಿಪ್ಪು ಬಿಡಲು ಆಗುತ್ತಿಲ್ಲ. ಕಿರುಚಿದೆನಂತೆ, ನನಗೆ ನೆನಪಿಲ್ಲ. ಮತ್ತೆ ಟಿಕ್ ಎಂದಿತು. ಅವರು ಆಫ್ ಒತ್ತಿದ್ದರು. ನಾನು ಹಿಂದಕ್ಕೆ ಬಿದ್ದು ಗೋಡೆಗೆ ತಲೆ ಬಡಿಯಿತು. ನಡುಮನೆಯಲ್ಲಿ ದಡ್ ಎಂದು ಏನೋ ಬಿದ್ದ ಸದ್ದು ಕೇಳಿದ ಮೇಲೆಯೇ ನನಗೆ ಪೂರ್ತಿ ಎಚ್ಚರವಾದದ್ದು. ಬಿದ್ದದ್ದು ಅವರು. ಎದ್ದು ಬರಲು ಹೋಗಿ ಮಂಚದಿಂದ ಉರುಳಿದ್ದರು. ನಾನು ಗೋಡೆ ಹಿಡಿದು ಹೋಗಿ ನೋಡಿದರೆ, ನೆಲದ ಮೇಲೆ ಮಗ್ಗುಲಾಗಿ ಬಿದ್ದು, ಅಡುಗೆಮನೆ ಬಾಗಿಲ ಕಡೆಗೆ ಗಲ್ಲದಿಂದ ತೆವಳಲು ನೋಡುತ್ತಿದ್ದರು.

‘ಇದೀನಿ ಕಣ್ರೀ, ಇದೀನಿ’ ಎಂದೆ.

‘ಎಡಗೈ?’ ಎಂದರು.

‘ಸೊಂಟದ ಮೇಲೇ ಇತ್ತು.’

ಆಗ ಅತ್ತರು. ಮದುವೆಯಾದಾಗಿನಿಂದ ನಾನು ನೋಡದ ಅಳು ಅದು. ಕಣ್ಣೀರು ಒರೆಸಿಕೊಳ್ಳಲು ಕೈ ಏಳದೆ, ಅದು ಮೂಗಿನ ಮೇಲೆ ಹಾದು ನೆಲಕ್ಕೆ ಬೀಳುತ್ತಿತ್ತು.

ಅಂಗೈಯಲ್ಲಿ ಒಂದು ಸುಟ್ಟ ಗಾಯ, ತಲೆಯಲ್ಲಿ ಒಂದು ಬುಗುಟು. ಅಷ್ಟರಲ್ಲೇ ಮುಗಿಯಿತು. ಮಣೆಯ ಮೇಲೆ ನಿಂತದ್ದು, ಒಂದೇ ಕೈಯಲ್ಲಿ ಮುಟ್ಟಿದ್ದು, ಅವರ ಬೆರಳು ಎರಡನೆಯ ಸಲವೂ ಆಡಿದ್ದು, ಎಲ್ಲ ಆ ನಂಜುಂಡನ ದಯೆ ಎಂದು ನಾನು ಹೇಳಿದೆ. ಅವರು ಅದನ್ನು ಕೇಳಿಸಿಕೊಳ್ಳಲಿಲ್ಲ.

‘ಆನ್ ಮಾಡೋಕ್ ಮುಂಚೆ ಯಾರು ನೀನು ಅಂತ ಒಂದ್ ಮಾತು ಕೇಳಿದ್ರೆ ಆಗೋದು’ ಎಂದರು. ‘ನನ್ ಕೈಯಾರೆ ನಿನ್ನ ಕೊಂದ್ಬುಡ್ತಿದ್ದೆ.’

ಮಾರನೆಯ ಬೆಳಿಗ್ಗೆ ಸ್ನಾನ ಮಾಡಿಸಿ, ಕರಡಿಗೆಯಿಂದ ಲಿಂಗ ತೆಗೆದು ನಿಂತೆ. ಅವರು ಕೈ ಚಾಚಲಿಲ್ಲ. ‘ಕೈ ಇಲ್ಲದೋನ್ಗೆ ಏತರ ಪೂಜೆ? ಒಳಗಿಡು’ ಎಂದು ಗೋಡೆಯ ಕಡೆ ತಿರುಗಿದರು. ಲ್ಯಾಪ್‌ಟಾಪು ಮುಚ್ಚಿಯೇ ಇತ್ತು. ಹಿಂದಿನ ಕೋಣೆಯಲ್ಲಿ ಸೇವಂತಿಗೆ ಒಣಗಿ ಯಂತ್ರಗಳ ಮೇಲೆ ಉದುರುತ್ತಿತ್ತು. ಮನೆಯಲ್ಲಿ ಆ ಸದ್ದು ನಿಂತು ಹೋಯಿತು. ಅದಿಲ್ಲದೆ ಮಿಕ್ಕ ಸದ್ದುಗಳೆಲ್ಲ, ಕುಕ್ಕರಿನ ಸೀಟಿ, ನಲ್ಲಿಯ ನೀರು, ಯಾರದೋ ಮನೆಯವು ಎಂಬಂತೆ ಕೇಳುತ್ತಿದ್ದವು. ಎರಡು ತುತ್ತಿನ ಮೇಲೆ ಅನ್ನ ಬೇಡ ಎನ್ನುತ್ತಿದ್ದರು. ಕಾಯಿಲೆ ಅವರ ಕೈಕಾಲನ್ನಷ್ಟೇ ತೆಗೆದುಕೊಂಡಿತ್ತು. ಇದು ಅವರನ್ನೇ ತೆಗೆದುಕೊಂಡು ಹೋಗುತ್ತಿತ್ತು. ನಮಗೆ ಮಕ್ಕಳಿಲ್ಲ. ನಾನು ಯಾರಿಗೆ ಹೇಳಲಿ?

ಸುದ್ದಿ ತಿಳಿದು ಟಿ. ನರಸೀಪುರದಿಂದ ನಮ್ಮಣ್ಣ ಬಂದ. ಒಂದು ಕೈಯಲ್ಲಿ ಮೊಸರಿನ ಕ್ಯಾನು, ಇನ್ನೊಂದರಲ್ಲಿ ಬದನೆಕಾಯಿ ಚೀಲ. ನನ್ನ ಅಂಗೈ ನೋಡಿ ಅವನ ಮುಖ ಸಣ್ಣದಾಯಿತು. ಆದರೂ ಮಂಚದ ಪಕ್ಕ ಕೂತು ದನಿ ಎತ್ತರಿಸಿದ.

‘ಬಾವ, ಈ ಡಬ್ಬಗೊಳ್ನೆಲ್ಲ ಮಾರಾಕ್ಬುಟ್ಟು ನಮ್ಮೂರ್ಗೆ ಬಂದ್ಬುಡಿ. ಅಲ್ಲಿ ಕರೆಂಟು ಒಡೆಯೋ ಭಯಾನೆ ಇಲ್ಲ. ಅದು ಇದ್ರೆ ತಾನೆ ಒಡೆಯೋದು!’

ಇವರ ತುಟಿಯ ತುದಿ ಅಲುಗಿತು. ನಗು ಬರುತ್ತದೆ ಎಂದು ನಾನು ಉಸಿರು ಹಿಡಿದು ನೋಡಿದೆ. ಬರಲಿಲ್ಲ.

‘ಇವಳ್ನ ಕರ್ಕೊಂಡು ಓಗು. ನನ್ನ ಬುಡು’ ಎಂದರು.

ಅಣ್ಣ ಅಡುಗೆಮನೆಗೆ ಬಂದು, ‘ಏನವ್ವ, ಬಾವ ಒಳ್ಗೊಳ್ಗೇ ಕರಗೋಯ್ತಾವ್ರಲ್ಲ’ ಎಂದ. ‘ನೀನು ಗಟ್ಟಿ ಇರು. ಬಾ ಅಂದ್ರೆ ಗಾಡಿ ಮಾಡ್ಕೊಂಡು ಬತ್ತೀನಿ.’ ಸಂಜೆಯ ಬಸ್ಸಿಗೆ ಹೊರಟ. ಹೋಗುವಾಗ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು, ಒಳಗೆ ಕಾಲಿಡದೆ, ಯಂತ್ರಗಳನ್ನು ಹಾವು ನೋಡಿದ ಹಾಗೆ ನೋಡಿದ.

ಆ ವಾರವೇ ಮೈಸೂರಿನವರು ಬಂದರು, ಬೋರ್ಡಿನವರು. ನಡೆದದ್ದನ್ನು ಇವರೇ ಹೇಳಿದರು, ‘ನನ್ ತಪ್ಪು ಕಣಪ್ಪ, ನಂಬರ್ ಖಾಯಂ ಮಾಡಿರ್ಲಿಲ್ಲ’ ಎಂದು. ಬಂದವರು ತಲೆ ತಗ್ಗಿಸಿಕೊಂಡು ಕೂತಿದ್ದರು.

‘ಸಾ, ಬೋರ್ಡು ಇಲ್ಲೇ ಇರ್ಲಾ, ತಗೊಂಡೋಗ್ಲಾ?’

‘ತಗೊಂಡೋಗು. ಮತ್ತೆ ತರಬೇಡ.’

ಬಾಗಿಲವರೆಗೆ ನಾನು ಹಿಂದೆ ಹೋದೆ. ‘ಸೋಮವಾರದವರೆಗೂ ಇರಲಿ ಅಣ್ಣಾ’ ಎಂದೆ. ಯಾಕೆ ಎಂದು ನನಗೇ ಗೊತ್ತಿರಲಿಲ್ಲ. ಆ ಬೋರ್ಡುಗಳು ಹೊಸ್ತಿಲು ದಾಟಿದರೆ ಇವರೂ ಅವುಗಳ ಹಿಂದೆಯೇ ಹೊರಟುಬಿಡುತ್ತಾರೆ ಎನ್ನಿಸಿತ್ತು.

‘ಆಯ್ತಕ್ಕಾ, ಸೋಮವಾರ ಬತ್ತೀನಿ’ ಎಂದು ಅವರು ಬೋರ್ಡಿನ ಚೀಲವನ್ನು ಮತ್ತೆ ಒಳಗಿಟ್ಟು ಹೋದರು.

ಶನಿವಾರ ದೇವಸ್ಥಾನಕ್ಕೆ ಹೋದೆ. ಹಿಂದೆಲ್ಲ, ಕಾಯಿಲೆ ವಾಸಿ ಮಾಡಪ್ಪ ಎಂದು ಕಪಿಲೆಯಲ್ಲಿ ಮುಳುಗಿ ಒದ್ದೆ ಸೀರೆಯಲ್ಲಿ ಉರುಳು ಸೇವೆ ಮಾಡಿದವಳು ನಾನು. ಅವತ್ತು ಕೇಳಲು ಹೊರಟಿದ್ದದ್ದು ಬಹಳ ಚಿಕ್ಕದು. ಅವರು ಒಂದು ಬಟನ್ ಒತ್ತಬೇಕು, ಅಷ್ಟೆ. ನಂಜು ಕುಡಿದು ಅರಗಿಸಿಕೊಂಡವನ ಎದುರು ನಿಂತರೆ ಅದನ್ನು ಹೇಳಲೂ ಬಾಯಿ ಬರಲಿಲ್ಲ. ನಿನಗೆ ಅರಗಿತು, ನಮಗೆ ಅರಗುತ್ತಿಲ್ಲ ಎಂದಷ್ಟೇ ಮನಸ್ಸಿನಲ್ಲಿ ಬಂತು. ತೀರ್ಥ ತೆಗೆದುಕೊಳ್ಳಲು ಬಲಗೈ ಚಾಚಿದಾಗ ಗಾಯಕ್ಕೆ ನೀರು ತಾಗಿ ಉರಿಯಿತು.

ಭಾನುವಾರ ಮಧ್ಯಾಹ್ನ ಹಿಂದಿನ ಕೋಣೆಗೆ ಹೋಗಿ ಒಣಗಿದ ಹೂ ಗುಡಿಸಿದೆ. ದೊಡ್ಡ ಸಪ್ಲೈಯ ನೆಟ್‌ವರ್ಕ್ ಕೇಬಲ್ಲನ್ನು ಕಿತ್ತು ಪಕ್ಕಕ್ಕಿಟ್ಟೆ. ಸಣ್ಣದರ ಸ್ವಿಚ್ಚು ಹಾಕಿ ಅದರ ಮುಂದೆ ಸ್ಟೂಲು ಎಳೆದುಕೊಂಡು ಕೂತೆ.

‘ಏನ್ರೀ, ಖಾಯಂ ನಂಬರ್ ಕೊಡೋದು ಹೆಂಗೆ?’ ಎಂದು ಕೂಗಿದೆ.

ಉತ್ತರವಿಲ್ಲ.

‘ಮೆನು ಅಂತ ಒತ್ತಿದೀನಿ. ಏನೇನೋ ಬಂತು.’

ನನಗೆ ತೋಚಿದ ಗುಂಡಿ ಒತ್ತಿದೆ. ಯಂತ್ರ ಕುಂಯ್ ಎಂದಿತು. ಇನ್ನೊಂದು ಒತ್ತಿದೆ. ಕುಂಯ್. ಕಣ್ಣಲ್ಲಿ ನೀರು ತುಂಬಿ ಅಕ್ಷರ ಕಾಣುತ್ತಿರಲಿಲ್ಲ. ಸಿಟ್ಟಿಗೆ ಮತ್ತೆ ಮತ್ತೆ ಅದನ್ನೇ ಒತ್ತಿದೆ. ಕುಂಯ್, ಕುಂಯ್.

‘ಅಯ್ಯೋ, ಅದಲ್ಲ ಕಣೇ!’ ನಡುಮನೆಯಿಂದ ದನಿ ಬಂತು. ‘ಅದರ ಎಡಗಡೇದು. ಪಾಪ, ಅದನ್ನ ಯಾಕಂಗೆ ಗೋಳು ಉಯ್ಕೊಳ್ತೀಯ?’

‘ನೀವು ಹೇಳ್ಕೊಡಲ್ಲ ಅಂದ್ರೆ ಗೋಳು ಉಯ್ಕೊಳ್ದೆ ಇನ್ನೇನ್ ಮಾಡ್ಲಿ?’

ಆಗ ಅವರು ಒಂದೊಂದಾಗಿ ಹೇಳಿದರು. ಆಗಲೇ ಅವರ ಮಾತು ತೊದಲತೊಡಗಿತ್ತು. ಕೆಲವು ಸಲ ಎದ್ದು ಹೋಗಿ ಬಾಯಿಯ ಹತ್ತಿರ ಕಿವಿಯಿಟ್ಟು ಕೇಳಿಸಿಕೊಂಡು ಬಂದು ಒತ್ತಿದೆ. ಸಣ್ಣದಕ್ಕೆ, ಮೀಟರಿಗೆ, ಸ್ಕೋಪಿಗೆ, ಕೊನೆಗೆ ದೊಡ್ಡದಕ್ಕೂ ಅವರವರ ನಂಬರ್ ಕೊಟ್ಟೆವು. ಇನ್ನು ಯಾರು ಮೊದಲು ಎದ್ದರೂ ಅವರವರ ಎಲೆ ಅವರವರಿಗೇ. ಕೆಲಸ ನಡೆಸುವ ಪ್ರೋಗ್ರಾಮಿನಲ್ಲಿ ಹಳೆಯ ನಂಬರುಗಳನ್ನು ಅಳಿಸಿ ಇವನ್ನು ಹಾಕಿಸಿದರು. ದೊಡ್ಡದರ ಕೇಬಲ್ಲನ್ನು ಮಾತ್ರ, ಮುಚ್ಚಳ ಹಾಕಿ ನಾನು ಕೋಣೆಯಿಂದ ಹೊರಡುವಾಗ ಸಿಕ್ಕಿಸುವುದು ಎಂದಾಯಿತು.

ಸಂಜೆಯ ದೀಪ ಹಚ್ಚಿ, ಲ್ಯಾಪ್‌ಟಾಪನ್ನು ಅವರ ಮುಂದೆ ತೆರೆದಿಟ್ಟೆ.

‘ಮೊದ್ಲು ಕೇಳು’ ಎಂದರು.

ಅವರು ಹೇಳಿದ ಅಕ್ಷರಗಳನ್ನು ಒಂದೊಂದೇ ಹುಡುಕಿ ಟೈಪು ಮಾಡಿದೆ. ‘ನೀನು ಯಾರು?’ ಹಿಂದಿನ ಕೋಣೆಯಿಂದ ಸಣ್ಣದು ತನ್ನ ಹೆಸರು, ಮನೆತನ ಹೇಳಿತು. ನಾನು ಓದಿದೆ. ಅವರು ಕಣ್ಣು ಮುಚ್ಚಿ ತಲೆಯಾಡಿಸಿದರು.

‘ಹಿಂದಿನ ಕೋಣೇಲಿ ಹೋಗಿ ನಿಂತ್ಕೊಳ್ಲಾ?’ ಎಂದೆ.

‘ಬೇಡ! ಇಲ್ಲಿ. ನನ್ ಕಣ್ಣೆದುರಿಗೆ ಇರು.’

ಮಂಚದ ಅಂಚಿನಲ್ಲಿ ಕೂತೆ. ಅವರ ಬೆರಳು ಬಟನ್ನಿನ ಮೇಲೆ ಬಂದು ನಿಂತಿತು. ನಿಂತೇ ಇತ್ತು. ಹಣೆಯ ಮೇಲೆ ಬೆವರು ಬಂತು. ಕೈಯಲ್ಲಿ ಬಲವಿಲ್ಲವೋ, ಮನಸ್ಸಿಲ್ಲವೋ ನನಗೆ ತಿಳಿಯಲಿಲ್ಲ. ಪೂಜೆಯಲ್ಲಿ ಕೊಡುವ ಹಾಗೆ ನನ್ನ ಎಡ ಅಂಗೈಯನ್ನು ಅವರ ಮಣಿಕಟ್ಟಿನ ಕೆಳಗೆ ಕೊಟ್ಟೆ. ಅವರು ನನ್ನ ಬಲಗೈಯ ಗಾಯ ನೋಡಿದರು. ನಾನು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ಟಿಕ್.

ಸೋಮವಾರ ಬೆಳಿಗ್ಗೆ ಸ್ನಾನವಾದ ಮೇಲೆ, ಕೇಳದೆಯೇ ಕೈ ಚಾಚಿದರು. ಮೈಸೂರಿನವರು ಬಂದಾಗ ಬೋರ್ಡುಗಳು ಪರೀಕ್ಷೆಯಾಗಿ ಮೇಜಿನ ಮೇಲೆ ಕೂತಿದ್ದವು. ‘ಒಂದು ತಪ್ಪಿದೆ, ಬೇರೆ ಇಟ್ಟಿದೀನಿ’ ಎಂದರು ಇವರು, ಹಳೆಯ ದನಿಯಲ್ಲಿ. ಆ ದಿನ ಒಂದು ಬಟ್ಟಲು ಅನ್ನವನ್ನು ಪೂರ್ತಿ ಉಂಡರು.

ಇಲ್ಲಿಗೆ ನಿಲ್ಲಿಸಿಬಿಡಬಹುದಿತ್ತು. ಆದರೆ ನಡೆದದ್ದು ಇಲ್ಲಿಗೆ ನಿಲ್ಲಲಿಲ್ಲ. ಕಾರ್ತಿಕದ ಉದ್ದಕ್ಕೂ ಆ ಬೆರಳು ಆಡಿತು. ಶಿವರಾತ್ರಿಯ ಹೊತ್ತಿಗೆ ನಿಂತಿತು. ಅಂಗೈ ಕೆಳಗೆ ಎಷ್ಟು ಆಸರೆ ಕೊಟ್ಟರೂ ಬಟನ್ ಕೆಳಗಿಳಿಯದ ಬೆಳಿಗ್ಗೆ, ಅವರು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು, ನೀನೇ ಒತ್ತು ಎಂದು. ಒತ್ತಿದೆ. ಆಮೇಲೆ ಮಾತೂ ಹೋಯಿತು. ಯಾವ ಬೋರ್ಡು ಸರಿ, ಯಾವುದು ತಪ್ಪು ಎಂದು ಹೇಳುವವರಿಲ್ಲದೆ ನಾನೊಬ್ಬಳು ಏನು ಮಾಡಲಿ? ಮೈಸೂರಿನವರು ಕೊನೆಯ ಚೀಲವನ್ನು ತೆಗೆದುಕೊಂಡು, ಇವರ ಕಾಲು ಮುಟ್ಟಿ ನಮಸ್ಕರಿಸಿ ಹೋದರು. ಅವರದು ತಪ್ಪಿಲ್ಲ. ಈಗಲೂ ಹಬ್ಬಕ್ಕೆ ಹಣ್ಣು ಕಳಿಸುತ್ತಾರೆ.

ಈಗ ಹಿಂದಿನ ಕೋಣೆಯ ಮೇಜಿನ ಮೇಲೆ ಬೋರ್ಡುಗಳಿಲ್ಲ. ಯಂತ್ರಗಳನ್ನು ಮಾರಿಲ್ಲ. ಅಣ್ಣ ಫೋನಿನಲ್ಲಿ ಬೈಯುತ್ತಾನೆ. ಬೆಳಿಗ್ಗೆ ಲಿಂಗವನ್ನು ನನ್ನ ಅಂಗೈಯಲ್ಲಿಟ್ಟು, ಅವರ ಕೈಯನ್ನು ನನ್ನ ಕೈಯ ಪಕ್ಕ ತಂದು ತಾಗಿಸುತ್ತೇನೆ. ಒಣಗಿದ ಎಲೆಯಷ್ಟು ಹಗುರ ಅದು. ಗಂಜಿಯನ್ನು ಚಮಚೆಯಲ್ಲಿ ಬಿಡುತ್ತೇನೆ, ಒಂದು ದಿನ ಇಳಿಯುತ್ತದೆ, ಒಂದು ದಿನ ಕೆಮ್ಮಾಗಿ ಹೊರಗೆ ಬರುತ್ತದೆ. ಇಳಿದ ದಿನ ಅದೊಂದು ಉಪಕಾರ ಎಂದುಕೊಳ್ಳುತ್ತೇನೆ. ಬೆನ್ನಿಗೆ ಹುಣ್ಣಾಗಿಲ್ಲ, ಅದೂ ಉಪಕಾರವೇ.

ಆಮೇಲೆ ಲ್ಯಾಪ್‌ಟಾಪು ತೆರೆದು ‘ನೀನು ಯಾರು?’ ಎಂದು ಕೇಳುತ್ತೇನೆ. ಸಣ್ಣದು ಹೇಳುತ್ತದೆ. ನಾನು ಜೋರಾಗಿ ಓದುತ್ತೇನೆ, ಅವರು ಕೇಳಿಸಿಕೊಳ್ಳುತ್ತಾರೆ. ಬಟನ್ ಒತ್ತುತ್ತೇನೆ. ಹಿಂದಿನ ಕೋಣೆಯಲ್ಲಿ, ಯಾವ ಬೋರ್ಡಿಗೂ ಹಚ್ಚದ ಯಂತ್ರ ಟಿಕ್ ಎನ್ನುತ್ತದೆ. ಆ ಸದ್ದಿಗೆ ಅವರು ಒಂದು ಸಲ ರೆಪ್ಪೆ ಮುಚ್ಚಿ ತೆಗೆಯುತ್ತಾರೆ. ಹಿಂದೆ ಅದು ಅವರ ಬೆರಳು ನನಗೆ ಹೇಳುತ್ತಿದ್ದ ಮಾತು. ಈಗ ನನ್ನ ಬೆರಳು ಅವರಿಗೆ ಹೇಳುವುದು. ಅದರಲ್ಲಿ ಅವರಿಗೆ ಸಮಾಧಾನವಿದೆಯೋ, ಇನ್ನಷ್ಟು ಸಂಕಟವಿದೆಯೋ, ಕೇಳಿ ತಿಳಿಯುವ ದಾರಿ ನನಗೆ ಉಳಿದಿಲ್ಲ. ಇದನ್ನೂ ಉಪಕಾರ ಎನ್ನಲು ನಾನು ದಿನವೂ ಬಾಯಿ ತೆರೆಯುತ್ತೇನೆ. ಇನ್ನೂ ಅಂದಿಲ್ಲ. ಇವತ್ತು ಬೆಳಿಗ್ಗೆ ಒತ್ತಿದಾಗ ಅವರ ರೆಪ್ಪೆ ಕೂಡಲೇ ಅಲುಗಲಿಲ್ಲ. ಕಾದೆ. ಮುಚ್ಚಿ ತೆರೆಯಿತು. ಎದ್ದು ಒಲೆ ಹಚ್ಚಲು ಹೋದೆ.